ಹಳೆಯ ಮುಖ, ಹೊಸ ಒಡಲು: ಒಂದು ವ್ಯಾನಿನ ಮರುಹುಟ್ಟು

ಮಾರುಕಟ್ಟೆಯಿಂದ ಮರೆಯಾದ ವಾಹನವೊಂದಕ್ಕೆ ಹಲವು ದಶಕಗಳ ಬಳಿಕ ಮತ್ತೆ ಜೀವ ಕೊಡಬಹುದೆ? ಜರ್ಮನಿಯ ಫೋಕ್ಸ್‌ವಾಗನ್ ಸಂಸ್ಥೆ 2022ರಲ್ಲಿ ಈ ಸಾಹಸಕ್ಕೆ ಕೈಹಾಕಿತು. ಆ ಸಾಹಸದ ಕಥೆ ಸ್ವಾರಸ್ಯಕರವಾದುದು. ಜೊತೆಗೆ ನಮ್ಮನ್ನು ವಿಚಾರಕ್ಕೂ ಹಚ್ಚುವಂತಹುದು.

ಎರಡನೆಯ ಮಹಾಯುದ್ಧ ಮುಗಿದ ಕಾಲ. ವೋಲ್ಫ್ಸ್‌ಬರ್ಗಿನ ಕಾರ್ಖಾನೆ ಬ್ರಿಟಿಷ್ ಸೇನಾಧಿಕಾರಿಗಳ ಮೇಲ್ವಿಚಾರಣೆಯಲ್ಲಿತ್ತು. ಬಿಡಿಭಾಗಗಳನ್ನು ಅತ್ತಿತ್ತ ಸಾಗಿಸಲು ಅಲ್ಲಿನವರು ‘ಬೀಟಲ್’ ಕಾರಿನ ಅಡಿಗಟ್ಟಿನ ಮೇಲೆ ಹಲಗೆ ಹಾಸಿ ಒಂದು ಬಗೆಯ ಬಂಡಿಯನ್ನು ಮಾಡಿಕೊಂಡಿದ್ದರು. ಹಾಲೆಂಡಿನ ಕಾರು ವ್ಯಾಪಾರಿ ಬೆನ್ ಪೊನ್ ಎಂಬವರ ಕಣ್ಣು ಇದರ ಮೇಲೆ ಬಿದ್ದಿತು. 1947ರ ಏಪ್ರಿಲ್ 23ರಂದು ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಗೀಚಿದರು: ಎಂಜಿನ್ ಹಿಂಬದಿಗೆ, ಚಾಲಕ ತೀರ ಮುಂಬದಿಗೆ, ನಡುವೆ 750 ಕಿಲೋ ಹೊರೆಗೆ ಸ್ಥಳ. ನೋಡಲು ಬ್ರೆಡ್ಡಿಗೆ ಚಕ್ರ ಜೋಡಿಸಿದಂತಿದ್ದ ಆ ಚಿತ್ರವನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಸಂಗ್ರಹಾಲಯ ಕಾಪಾಡಿಕೊಂಡು ಬಂದಿದೆ.

ಸಂಸ್ಥೆಯ ಮುಖ್ಯಸ್ಥ ಹೈನ್ಸ್ ನೋರ್ಡ್‌ಹಾಫ್ ಅವರ ಆಡಳಿತದಲ್ಲಿ ಈ ಕಲ್ಪನೆ ಕಾರ್ಯರೂಪಕ್ಕೆ ಬಂದಿತು. ಬ್ರೌನ್‌ಶ್ವೈಗಿನ ತಾಂತ್ರಿಕ ವಿದ್ಯಾಲಯದಲ್ಲಿ ಗಾಳಿಯ ಒತ್ತಡದ ಪರೀಕ್ಷೆ ನಡೆಸಿ ಚಪ್ಪಟೆ ಮೂತಿಯನ್ನು ದುಂಡಗೆ ತಿದ್ದಿದರು. 1950ರ ಮಾರ್ಚಿನಲ್ಲಿ ತಯಾರಿಕೆ ಆರಂಭವಾಯಿತು. ಎಂಜಿನ್ನಿನ ಬಲ ಕೇವಲ 25 ಅಶ್ವಶಕ್ತಿ. ಅದನ್ನು ತಂಪಾಗಿಡಲು ನೀರು ಬೇಡ, ಗಾಳಿಯೇ ಸಾಕು. ರಚನೆ ಎಷ್ಟು ಸರಳವೆಂದರೆ ಸಾಮಾನ್ಯ ಮೆಕ್ಯಾನಿಕ್ಕನೂ ಬಿಚ್ಚಿ ಜೋಡಿಸಬಹುದಾಗಿತ್ತು.

ಈ ವ್ಯಾನು ಮೂಲತಃ ದುಡಿಯುವವರದು. ತರಕಾರಿ, ಹಾಲು, ಅಂಚೆ, ಶಾಲೆಯ ಮಕ್ಕಳು — ಎಲ್ಲವನ್ನೂ ಅದು ಹೊತ್ತಿತು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಕಪ್ಪು ಜನರ ಹಕ್ಕಿಗಾಗಿ ದುಡಿದ ಈಸಾ ಜೆಂಕಿನ್ಸ್ ಅವರ ಇಂತಹುದೇ ವ್ಯಾನಿನ ಭಾಗಗಳನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಚರಿತ್ರೆಯ ಕುರುಹಾಗಿ ಇರಿಸಿಕೊಂಡಿದೆ. ಮುಂದೆ ಇದು ಅಲೆಮಾರಿ ತರುಣರ ಮನೆಯೂ ಆಯಿತು. 1960 ಮತ್ತು 70ರ ದಶಕಗಳಲ್ಲಿ ಯೂರೋಪಿನಿಂದ ತುರ್ಕಿ, ಇರಾನ್, ಅಫ್ಘಾನಿಸ್ತಾನಗಳ ಮಾರ್ಗವಾಗಿ ನಮ್ಮ ದೇಶಕ್ಕೆ ಬಂದ ವಾಹನಗಳಲ್ಲಿ ಇವೂ ಇದ್ದವು. ಗೋವೆಯ ನಮ್ಮ ಹಿರಿಯ ಓದುಗರಲ್ಲಿ ಕೆಲವರು ಕಡಲ ತೀರದಲ್ಲಿ ಅವುಗಳನ್ನು ಕಂಡಿದ್ದರೂ ಕಂಡಿರಬಹುದು.

ಆದರೆ ಚಪ್ಪಟೆ ಮುಖಕ್ಕೊಂದು ದೋಷವಿತ್ತು. ಅಪಘಾತವಾದರೆ ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ತೆಳುವಾದ ತಗಡೊಂದೇ ಅಡ್ಡ. 1990ರ ಹೊಸ ಮಾದರಿಯಲ್ಲಿ ಸಂಸ್ಥೆ ಎಂಜಿನ್ನನ್ನು ಮುಂಬದಿಗೆ ತಂದಿತು. ಹಳೆಯ ಮುಖ ಅಳಿಸಿಹೋಯಿತು. ಬ್ರೆಜಿಲಿನಲ್ಲಿ ಮಾತ್ರ ‘ಕೊಂಬಿ’ ಎಂಬ ಹೆಸರಿನಲ್ಲಿ 1957ರಿಂದ 2013ರ ವರೆಗೆ ತಯಾರಿಕೆ ಮುಂದುವರಿಯಿತು. 2014ರಿಂದ ಗಾಳಿಚೀಲಗಳೂ ಚಕ್ರ ಕಚ್ಚದಂತೆ ತಡೆಯುವ ಬ್ರೇಕೂ ಕಡ್ಡಾಯವೆಂದು ಅಲ್ಲಿನ ಕಾನೂನು ವಿಧಿಸಿದಾಗ ಅದೂ ನಿಂತಿತು.

ಮುಖವನ್ನು ಮರಳಿ ತರುವ ಯತ್ನಗಳು ಒಮ್ಮೆಗೇ ಫಲಿಸಲಿಲ್ಲ. 2001ರಲ್ಲಿ ಡೆಟ್ರಾಯಿಟಿನಲ್ಲೂ 2011ರಲ್ಲಿ ಜಿನೀವಾದಲ್ಲೂ ತೋರಿಸಿದ ಮಾದರಿಗಳು ಪ್ರದರ್ಶನಕ್ಕೇ ಮುಗಿದವು. 2017ರಲ್ಲಿ ತೋರಿಸಿದ ವಿದ್ಯುತ್ ವ್ಯಾನು ಮಾತ್ರ ‘ಐ.ಡಿ. ಬಝ್’ ಎಂಬ ಹೆಸರಿನಿಂದ 2022ರಲ್ಲಿ ನಿಜರೂಪ ತಾಳಿತು. ಇದಕ್ಕೆ ಕೈಹಿಡಿದದ್ದು ವಿದ್ಯುಚ್ಛಕ್ತಿಯೇ. 77 ಕಿಲೋವಾಟ್-ಗಂಟೆಗಳ ಬ್ಯಾಟರಿ ನೆಲದಡಿ ಹಾಸಿಕೊಂಡಿತು. ಪುಟ್ಟ ಮೋಟಾರು ಹಿಂಬದಿಯ ಅಚ್ಚಿಗೆ ಸೇರಿತು. ಹೀಗಾಗಿ ಉದ್ದ ಮೂತಿಯ ಅಗತ್ಯ ಉಳಿಯಲಿಲ್ಲ. ಆದರೂ ಅಪಘಾತದ ಪೆಟ್ಟನ್ನು ತಾಳಲೆಂದು ಮುಂಬದಿಗೆ ಮೋಟಾದ ಇಳಿಜಾರನ್ನು ಬಿಟ್ಟಿದ್ದಾರೆ. ಎರಡು ಬಣ್ಣದ ಮೈ, ಎದೆಯ ಮೇಲಣ ದೊಡ್ಡ ಲಾಂಛನ — ಇವು ಕಣ್ಣಿಗೆ ಹಳೆಯ ವ್ಯಾನಿನ ನೆನಪನ್ನು ತರುತ್ತವೆ.

ಹಾಗಾದರೆ ಹಳೆಯ ವ್ಯಾನು ಮರಳಿ ಬಂದಿತೆ? ಮೊದಲಿನದು ಸುಮಾರು ಒಂದು ಟನ್ ತೂಗುತ್ತಿತ್ತು; ಇದು ಎರಡೂಕಾಲು ಟನ್ನನ್ನೂ ಮೀರುತ್ತದೆ. 25 ಅಶ್ವಶಕ್ತಿ ಇದ್ದಲ್ಲಿ 2022ರ ಮಾದರಿಯಲ್ಲಿ 204 ಬಂದಿತು. ಪ್ರಯಾಣಿಕರ ಸುರಕ್ಷತೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಇದು ನಿಸ್ಸಂಶಯವಾಗಿ ದೊಡ್ಡ ಲಾಭ. ಸರಕು ಸಾಗಿಸುವ ಮಾದರಿಯೂ ಉಂಟು. ಆದರೆ 2024ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಇದರ ಆರಂಭದ ಬೆಲೆ ಸುಮಾರು 60,000 ಡಾಲರು. ತರಕಾರಿ ಮಾರುವವನ ಕೈಗೆ ಇದು ಎಟುಕುವುದೆಂತು? ಕೆಟ್ಟರೆ ಬೀದಿಯ ಮೆಕ್ಯಾನಿಕ್ಕನು ತನ್ನ ಸ್ಪಾನರಿನಿಂದ ಸರಿಪಡಿಸುವುದೂ ಸಾಧ್ಯವಿಲ್ಲ.

ಹಳೆಯ ವ್ಯಾನನ್ನು ಜನ ಮೆಚ್ಚಿದ್ದು ಅದರ ಮುಖ ಕಂಡಲ್ಲ. ಅಗ್ಗವಾಗಿ, ಸರಳವಾಗಿ ಅವರ ಭಾರ ಹೊತ್ತಿತೆಂದು ಮೆಚ್ಚಿದರು, ಆ ಮೇಲೆ ಅದರ ಮುಖವೂ ಪ್ರಿಯವಾಯಿತು. ಎಪ್ಪತ್ತೆರಡು ವರ್ಷಗಳ ಬಳಿಕ ಎಂಜಿನಿಯರರು ಆ ಮುಖವನ್ನು ಸುರಕ್ಷಿತವಾಗಿ ಮರಳಿ ತಂದದ್ದು ಸಾಧನೆಯೇ ಸರಿ. ಸಾಮಾನ್ಯನ ಕೈಗೆಟುಕುವ ಬೆಲೆಯನ್ನೂ ಮರಳಿ ತಂದ ದಿನ ಮರುಹುಟ್ಟು ಪೂರ್ಣವಾದೀತು.