ಕಾರವಾರದಲ್ಲಿ ಉಬ್ಬರ, ನೀಸ್‌ನಲ್ಲಿ ಏಕಿಲ್ಲ?

ಕಾರವಾರದಲ್ಲಿ ಬೆಳಿಗ್ಗೆ ಅಗಲವಾಗಿದ್ದ ಮರಳದಂಡೆ ಮಧ್ಯಾಹ್ನ ಅರ್ಧ ಮುಳುಗಿತ್ತು. ಫ್ರಾನ್ಸಿನ ನೀಸ್ ಪಟ್ಟಣದಲ್ಲಿರುವ ಮಗಳು ಅಲ್ಲಿ ಹಾಗಾಗುವುದಿಲ್ಲ ಅನ್ನುತ್ತಾಳೆ. ಏಕೆ? (ಓದುಗರು, ಹಳೇ ಹುಬ್ಬಳ್ಳಿ)

ಮಗಳ ಮಾತು ನಿಜ. ಚಂದ್ರ, ಸೂರ್ಯರ ಸೆಳೆತಕ್ಕೆ ಮಹಾಸಾಗರದ ನೀರು ದಿನಕ್ಕೆ ಸುಮಾರು ಎರಡು ಸಲ ಏರಿ ಇಳಿಯುತ್ತದೆ. ಅರಬ್ಬೀ ಸಮುದ್ರ ಹಿಂದೂ ಮಹಾಸಾಗರಕ್ಕೆ ಅಗಲವಾಗಿ ತೆರೆದುಕೊಂಡಿದೆ. ಹಾಗಾಗಿ ಆ ಏರಿಳಿತ ಕಾರವಾರದವರೆಗೂ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಒಂದೂವರೆ ಮೀಟರ್ ದಾಟುತ್ತದೆ.

ನೀಸ್ ಇರುವುದು ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ. ಆ ಸಮುದ್ರಕ್ಕೆ ಸುತ್ತಲೂ ನೆಲ. ಅದರೊಳಗೇ ಏಳುವ ಉಬ್ಬರ ಚಿಕ್ಕದು. ಅಟ್ಲಾಂಟಿಕ್ ನೀರು ಒಳಬರಲು ಇರುವುದು ಜಿಬ್ರಾಲ್ಟರ್ ಜಲಸಂಧಿ ಒಂದೇ. ಅತಿ ಕಿರಿದಾದಲ್ಲಿ ಅದರ ಅಗಲ ಸುಮಾರು 14 ಕಿ.ಮೀ. ಸಣ್ಣ ಬಾಯಿಯ ಕೊಡವನ್ನು ಉಣಕಲ್ ಕೆರೆಯಲ್ಲಿ ಅದ್ದಿ, ತುಂಬುವ ಮೊದಲೇ ಮೇಲೆತ್ತಿದಂತೆ: ಒಳಗೆ ಸೇರುವುದು ಸ್ವಲ್ಪವೇ ನೀರು. ಆರು ತಾಸಿನಲ್ಲಿ ಹೊರಗಿನ ಉಬ್ಬರ ಇಳಿಯತೊಡಗುತ್ತದೆ. ನೀಸ್‌ನಲ್ಲಿ ಏರಿಳಿತ ಸಾಮಾನ್ಯವಾಗಿ 30 ಸೆಂ.ಮೀ. ಒಳಗೇ.

ಅಲ್ಲಿಯವರು ಹವೆ ನೋಡಿ ಹೊರಟರೆ ಸಾಕು. ನೀವು ಯಲ್ಲಾಪುರ, ಅರಬೈಲ್ ಘಾಟಿನ ದಾರಿ ಹಿಡಿಯುವ ಮುನ್ನ ಇಳಿತದ ಹೊತ್ತನ್ನೂ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಗೋಕರ್ಣಕ್ಕೂ ಹೋಗುವುದಾದರೆ, ನೀರು ಏರುವ ಹೊತ್ತಿನಲ್ಲಿ ಮಕ್ಕಳನ್ನು ಅಲ್ಲಿನ ಬಂಡೆಗಳ ಮೇಲೆ ಕೂರಲು ಬಿಡಬೇಡಿ.