ಮಕ್ಕಳನ್ನು ಯಾವ ತರಗತಿಗೆ ಕರೆತರಬೇಕು?

ಬೇಸಿಗೆಯ ರಜೆ ಮುಗಿಯುವ ವೇಳೆಗೆ ಬೇಗಂ ಬಜಾರಿನ ಕನ್ನಡಿಗರಲ್ಲಿ ಪ್ರತಿವರ್ಷವೂ ಒಂದು ಮಾತು ತಪ್ಪದೆ ಹೊರಡುತ್ತದೆ. ಹತ್ತು ಹನ್ನೆರಡು ವರ್ಷ ಹೋಟೆಲಿನ ಮಹಡಿಯ ಮೇಲೆ ಚಾಪೆ ಹಾಸಿ ಮಲಗಿ, ಊರಿಗೆ ಹಣ ಕಳುಹಿಸಿ, ಈಗ ಹೇಗೋ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿರುವ ಅಡುಗೆ ಭಟ್ಟರೂ ಸಗಟು ಅಂಗಡಿಯ ಗುಮಾಸ್ತರೂ ‘ಈ ವರ್ಷ ಸಂಸಾರವನ್ನು ಕರೆತಂದುಬಿಡೋಣ’ ಎಂದು ನಿಶ್ಚಯಿಸುತ್ತಾರೆ. ಸಂತೋಷದ ವಿಷಯವೇ. ಆದರೆ ಮುಂಗಡವೆಷ್ಟು, ನೀರು ದಿನವೂ ಬರುವುದೋ ಇಲ್ಲವೋ ಎಂಬುದನ್ನೆಲ್ಲ ನಾಲ್ಕು ಸಲ ವಿಚಾರಿಸುವ ನಮ್ಮವರು, ಮಗ ಅಥವಾ ಮಗಳು ಯಾವ ತರಗತಿಯಲ್ಲಿದ್ದಾರೆ ಎಂಬುದನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿಕ್ಕ ಮಕ್ಕಳಾದರೆ ಚಿಂತೆಯಿಲ್ಲ. ಅವರು ಎಲ್ಲಿ ಬಿಟ್ಟರೂ ಬೇರು ಬಿಡುತ್ತಾರೆ. ಹದಿಮೂರು ಹದಿನಾಲ್ಕು ದಾಟಿದವರ ವಿಷಯ ಹಾಗಲ್ಲ.

ಹಿಂದೆ ಈ ತೊಡಕು ಬೇರೆ ಬಗೆಯದಾಗಿತ್ತು. ನಿಜಾಮರ ಕಾಲದಲ್ಲಿ ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಪ್ರೌಢ ವಿದ್ಯಾಭ್ಯಾಸವೆಲ್ಲ ಬಹುಮಟ್ಟಿಗೆ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವೇ. ಕನ್ನಡದ ಹುಡುಗನಿಗೆ ತನ್ನ ಭಾಷೆ ಊರಿನಲ್ಲಿಯೂ ಇರಲಿಲ್ಲ, ಇಲ್ಲಿಯೂ ಇರಲಿಲ್ಲ. ಆದರೆ ರಾಯಚೂರಿನ ಪಾಠವೇ ಇಲ್ಲಿಯ ಪಾಠ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ, ಹೈದರಾಬಾದು ಆಂಧ್ರ ಪ್ರದೇಶದ ರಾಜಧಾನಿಯಾಯಿತು, 2014ರಲ್ಲಿ ತೆಲಂಗಾಣದ್ದಾಯಿತು. ಕನ್ನಡಕ್ಕೆ ಅದರಿಂದ ಆದ ಲಾಭ ಸಣ್ಣದಲ್ಲ. ಅಂದಿನಿಂದ ಕಲಬುರ್ಗಿಯವನಿಗೂ ಕುಂದಾಪುರದವನಿಗೂ ಬೇಗಂ ಬಜಾರು ಸಮಾನವಾಗಿ ಪರರಾಜ್ಯವಾಯಿತೆಂಬುದೂ ಅಷ್ಟೇ ನಿಜ.

ಈ ಪರರಾಜ್ಯವೆಂಬುದರ ಬಿಸಿ ತಟ್ಟುವುದು ಪ್ರವೇಶದ ದಿನದಲ್ಲಿ ಅಲ್ಲ, ಮೂರು ನಾಲ್ಕು ವರ್ಷ ಕಳೆದ ಮೇಲೆ. ನಮ್ಮ ಪರಿಚಯದ ಗುಮಾಸ್ತರೊಬ್ಬರು ತಮ್ಮ ಮಗಳನ್ನು ಊರಿನಲ್ಲಿ 9ನೆಯ ತರಗತಿ ಮುಗಿದ ಕೂಡಲೆ ಕರೆತಂದರು. ಬುದ್ಧಿವಂತೆ. ಇಲ್ಲಿಯೇ ಎಸ್.ಎಸ್.ಸಿ., ಇಲ್ಲಿಯೇ ಎರಡು ವರ್ಷದ ಇಂಟರ್‌ಮೀಡಿಯೆಟ್. ವೈದ್ಯಕೀಯಕ್ಕೆ ಸೇರಬೇಕೆಂಬ ಆಸೆ. ಅರ್ಜಿ ತುಂಬುವಾಗ ತಿಳಿದುಬಂದ ಸಂಗತಿ ಇದು: ತೆಲಂಗಾಣದ ವೈದ್ಯಕೀಯ ಸೀಟುಗಳಲ್ಲಿ ಸ್ಥಳೀಯರೆನಿಸಬೇಕಾದರೆ ಅರ್ಹತಾ ಪರೀಕ್ಷೆಗೆ ಕೊನೆಗೊಳ್ಳುವ ನಾಲ್ಕು ವರ್ಷ, ಅಂದರೆ 9ರಿಂದ 12ರವರೆಗೆ, ಎಡೆಬಿಡದೆ ಈ ರಾಜ್ಯದಲ್ಲಿಯೇ ಓದಿರಬೇಕು. 2024ರಲ್ಲಿ ಬಿಗಿಗೊಂಡ ಈ ನಿಯಮವನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹುಡುಗಿ ಓದಿದ್ದು ಮೂರು ವರ್ಷ. ಹಾಗಾದರೆ ಕರ್ನಾಟಕದಲ್ಲಿ? ಅಲ್ಲಿಯ ಮುಖ್ಯ ಕಲಮಿನ ಪ್ರಕಾರ 1ರಿಂದ 12ರೊಳಗೆ ಕನಿಷ್ಠ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಅದರ ಜೊತೆಗೆ ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ., ಇವೆರಡರಲ್ಲಿ ಒಂದನ್ನಾದರೂ ಅಲ್ಲಿಯೇ ಪಾಸು ಮಾಡಿರಬೇಕು. ಒಂಬತ್ತು ವರ್ಷ ಓದಿದ ಹುಡುಗಿಗೆ ಎರಡು ಪರೀಕ್ಷೆಗಳೂ ಇಲ್ಲಿ ಆಗಿದ್ದವು. ಅಖಿಲ ಭಾರತದ ಪಾಲಿನ ಸೀಟುಗಳು ಎಲ್ಲರಿಗೂ ತೆರೆದಿವೆ, ನಿಜ. ಆದರೆ ಅಲ್ಲಿಯ ನೂಕುನುಗ್ಗಲು ಎಲ್ಲರಿಗೂ ತಿಳಿದದ್ದೇ.

ಒಂದು ವರ್ಷ ಮೊದಲೇ ಕರೆತಂದಿದ್ದರೆ ಆಕೆ ಇಲ್ಲಿಯವಳಾಗುತ್ತಿದ್ದಳು. ಒಂದು ವರ್ಷ ತಡೆದು, ಅಜ್ಜಿಯ ಮನೆಯಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿ ಬಂದಿದ್ದರೆ ಅಲ್ಲಿಯವಳಾಗಿ ಉಳಿಯುತ್ತಿದ್ದಳು. 10ನೆಯ ತರಗತಿ ಇಲ್ಲಿ ಮುಗಿದ ಮೇಲಾದರೂ ಪಿ.ಯು.ಸಿ.ಗೆ ಊರಿಗೆ ಹಿಂದಿರುಗಿದ್ದರೆ ದಾರಿ ಇತ್ತು. ಮೂರು ದಾರಿಗಳಿದ್ದವು, ಆ ತಂದೆಗೆ ಒಂದನ್ನೂ ಯಾರೂ ಹೇಳಲಿಲ್ಲ. ಆದುದರಿಂದ ನಮ್ಮ ಅಭಿಪ್ರಾಯ ಇಷ್ಟೆ: ಕರೆತರುವುದಾದರೆ 8ನೆಯ ತರಗತಿ ಮುಗಿಯುವುದರೊಳಗಾಗಿ ಕರೆತನ್ನಿ, ಇಲ್ಲವೆ ಎಸ್.ಎಸ್.ಎಲ್.ಸಿ. ಆಗುವವರೆಗೆ ತಡೆಯಿರಿ. ಈ ನಿಯಮಗಳು ತಿದ್ದುಪಡಿಯಾಗುವುದುಂಟು. ಆಯಾ ವರ್ಷದ ಪ್ರವೇಶ ಪುಸ್ತಿಕೆಯನ್ನು ಓದಬಲ್ಲವರಿಂದ ಓದಿಸಿಕೊಳ್ಳುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಎರಡನೆಯದು ತೆಲುಗಿನ ಪ್ರಶ್ನೆ. 2018ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ 1ರಿಂದ 10ರವರೆಗೆ ತೆಲುಗು ಕಡ್ಡಾಯ. 1 ಮತ್ತು 6ನೆಯ ತರಗತಿಗಳಿಂದ ಆರಂಭಿಸಿ ಹಂತಹಂತವಾಗಿ ಜಾರಿಗೆ ತಂದರು. ಕೇಂದ್ರೀಯ ಪಠ್ಯಕ್ರಮದ ಶಾಲೆಗಳ ಮೇಲಿನ ತರಗತಿಗಳಿಗೆ ‘ವೆನ್ನೆಲ’ ಎಂಬ ಸುಲಭ ಪುಸ್ತಕವನ್ನು 2025ರಲ್ಲಿ ಗೊತ್ತುಮಾಡಿದರು. ಹೊರರಾಜ್ಯದಿಂದ ದೊಡ್ಡ ತರಗತಿಗೆ ಬಂದ ಮಗುವಿಗೆ ಏನು ಏರ್ಪಾಡು ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಬಾಯಿಮಾತು ಮಾರ್ಚ್ ತಿಂಗಳಿಗೆ ನೆನಪಿರುವುದಿಲ್ಲ.

ತೆಲುಗು ಕಲಿಯುವುದು ನಮ್ಮ ಮಕ್ಕಳಿಗೆ ಕಷ್ಟವಲ್ಲ. ಲಿಪಿಗಳೆರಡೂ ಒಡಹುಟ್ಟಿದವು, ತಲೆಕಟ್ಟಿನ ವ್ಯತ್ಯಾಸ ಕಣ್ಣಿಗೆ ಒಗ್ಗಿದರೆ ತಿಂಗಳೊಳಗೆ ಅಂಗಡಿಯ ಹಲಗೆಗಳನ್ನೆಲ್ಲ ಓದುತ್ತಾರೆ. ನಮ್ಮ ಹಾಲು ಅವರ ಪಾಲು, ನಮ್ಮ ಹುಲಿ ಅವರ ಪುಲಿ, ನಮ್ಮ ಹಂದಿ ಅವರ ಪಂದಿ. ಹಳಗನ್ನಡ ಪಾಠ ಓದಿದ ಹುಡುಗನಿಗೆ ಇದು ಹೊಸದೇ ಅಲ್ಲ. ಮೋಸಹೋಗುವುದು ಹೋಲುವ ಪದಗಳಲ್ಲಿಯೇ. ಅವರಲ್ಲಿ ‘ಮಾಟ’ ಎಂದರೆ ಮಾತು, ‘ನೆಲ’ ಎಂದರೆ ತಿಂಗಳು! ‘ಸಂಬಳಕ್ಕೆ ಇನ್ನೂ ಒಂದು ನೆಲ’ ಎಂದು ಕೇಳಿ ನಮ್ಮ ಸಪ್ಲಾಯರ್ ಹುಡುಗನೊಬ್ಬನು ನೆಲವನ್ನೇ ನೋಡಿದನಂತೆ. ಆದರೆ ಬೇಗಂ ಬಜಾರಿನಲ್ಲಿ ಒಂದು ವಿಚಿತ್ರವುಂಟು. ಇಲ್ಲಿಯ ಬೀದಿಯ ಮಾತು ಹಿಂದಿ, ದಖನಿ. ಮಾರವಾಡಿ ಅಂಗಡಿಗಳ ವ್ಯವಹಾರವೂ ಅದರಲ್ಲೇ. ಮನೆಯಲ್ಲಿ ಕನ್ನಡ ಅಥವಾ ತುಳು. ಹೀಗಾಗಿ ತೆಲಂಗಾಣದ ನಡುಮಧ್ಯದಲ್ಲಿದ್ದರೂ ನಮ್ಮ ಮಕ್ಕಳ ಕಿವಿಗೆ ತೆಲುಗು ಬೀಳುವುದು ತರಗತಿಯ ಒಂದು ಗಂಟೆ ಮಾತ್ರ. ತೆಲುಗು ಮಾತನಾಡುವ ನೆರೆಮನೆಯ ಗೆಳೆಯನೊಬ್ಬ ಸಿಕ್ಕಿದರೆ ಅದಕ್ಕಿಂತ ದೊಡ್ಡ ಟ್ಯೂಷನ್ ಬೇರೆ ಬೇಡ.

ತೆಲುಗಿಗಿಂತ ಹೆಚ್ಚು ಕಾಡುವುದು ಇಂಗ್ಲಿಷು. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನನ್ನು ಇಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತೇವೆ. ವರ್ಗಮೂಲ, ಸಮಾಂತರ ಶ್ರೇಢಿ, ದ್ಯುತಿಸಂಶ್ಲೇಷಣೆ ಎಲ್ಲವೂ ಅವನಿಗೆ ಗೊತ್ತು. ಅವುಗಳ ಇಂಗ್ಲಿಷ್ ಹೆಸರು ಗೊತ್ತಿಲ್ಲ. ಲೆಕ್ಕ ಬರುವ ಹುಡುಗ ಲೆಕ್ಕ ಬಾರದವನಂತೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಾನೆ. ಆರು ವರ್ಷದ ಮಗು ಅಳುತ್ತದೆ, ನಮಗೆ ತಿಳಿಯುತ್ತದೆ. ಹದಿನಾಲ್ಕರವನು ಅಳುವುದಿಲ್ಲ, ಸುಮ್ಮನಾಗುತ್ತಾನೆ. ಊರು ಬಿಡುವ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಒಂದು ನೋಟುಪುಸ್ತಕ ಹಿಡಿದು ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೆಯಿಸಿದರೆ ಅರ್ಧ ಹೊರೆ ಇಳಿದಂತೆ. ಪರೀಕ್ಷೆಯ ಅಂಕಗಳ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ: ಅಲ್ಲಿ ಪ್ರಥಮ ಭಾಷೆಗೆ 125 ಸೇರಿ ಒಟ್ಟು 625, ಇಲ್ಲಿ 600. ವಿಜ್ಞಾನದಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರಗಳಿಗೆ ಇಲ್ಲಿ ಬೇರೆ ಬೇರೆ ದಿನ ಪರೀಕ್ಷೆ.

ಕಾಗದಪತ್ರದ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 5ನೆಯ ಕಲಮಿನಂತೆ 8ನೆಯ ತರಗತಿಯವರೆಗಿನ ಮಗುವಿಗೆ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೆ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 9ಕ್ಕೆ ಬಂದರೆ ಈ ಆಸರೆ ಇಲ್ಲ. ರಾಜ್ಯ ಬದಲಾಗುವಾಗ ಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಕೇಳುವುದು ವಾಡಿಕೆ. ಊರಿನಲ್ಲಿರುವಾಗಲೇ ಅದನ್ನು ಮಾಡಿಸಿಕೊಳ್ಳದಿದ್ದರೆ ಒಂದು ರುಜುವಿಗಾಗಿ ಮೂರು ದಿನದ ಸಂಬಳ ಮತ್ತು ಕಾಚಿಗುಡದಿಂದ ರೈಲು ಚಾರ್ಜು ಎರಡೂ ಹೋಗುತ್ತವೆ. ಎಸ್.ಎಸ್.ಎಲ್.ಸಿ. ಮುಗಿಸಿ ಬರುವವರು ಇಲ್ಲಿಯ ಇಂಟರ್‌ಮೀಡಿಯೆಟ್ ಮಂಡಲಿಯ ಅರ್ಹತಾ ಪತ್ರವನ್ನು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಕನ್ನಡ. ಕಾಚಿಗುಡದಲ್ಲಿ ನಮ್ಮ ಹಿರಿಯರು ಕಟ್ಟಿದ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ವಿದ್ಯಾಸಂಸ್ಥೆಯಿದೆ. ಶಾಲೆ ಹುಡುಕುವವರು ಮೊದಲು ಅಲ್ಲಿಗೆ ಹೋಗಿ ವಿಚಾರಿಸಲಿ. ಬೇರೆಡೆ ಸೇರಿಸಿದವರ ಮಕ್ಕಳು ಎರಡು ವರ್ಷದಲ್ಲಿ ಅಜ್ಜನಿಗೆ ಕಾಗದ ಬರೆಯುವುದನ್ನು ಮರೆಯುತ್ತಾರೆ. ತಂದೆಗೆ ಪುರುಸೊತ್ತು ಎಲ್ಲಿಂದ ಬರಬೇಕು? ನಸುಕಿನಲ್ಲಿ ಒಲೆ ಹೊತ್ತಿಸುವವರು ರಾತ್ರಿ ಮನೆಗೆ ಬರುವಾಗ ಮಗ ಮಲಗಿರುತ್ತಾನೆ. ಆದರೂ ವಾರದ ರಜೆ ಎಂಬುದೊಂದು ಇದೆಯಷ್ಟೆ. ಬೇಗಂ ಬಜಾರಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಅಫ್ಜಲ್‌ಗಂಜಿನಲ್ಲಿ, 1891ರಲ್ಲಿ ಆಸಫಿಯಾ ಎಂಬ ಹೆಸರಿನಿಂದ ಆರಂಭವಾದ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಅಲ್ಲಿ ತೆಲುಗು, ಉರ್ದು ಪುಸ್ತಕಗಳ ಜೊತೆಗೆ ಕನ್ನಡ ಪುಸ್ತಕಗಳೂ ಉಂಟು. ಮಗನನ್ನು ಕರೆದುಕೊಂಡು ಹೋಗಿ, ತೆಲುಗಿನದೊಂದು, ಕನ್ನಡದ್ದೊಂದು ಪುಸ್ತಕ ತೆಗೆದು ಪಕ್ಕಪಕ್ಕದಲ್ಲಿಟ್ಟು ಓದಿಸಿ ನೋಡಿ.