ಮಂಗಳೂರು ಸೌತೆ, ಚಿಬ್ಬಡ, ಮಿಣಿಕೆ: ನಾಟಿ ಬೀಜದ ಬೆಲೆ ತಿಳಿಯುವುದು ಹೇಗೆ?



ಮಂಗಳೂರು ಸೌತೆಕಾಯಿ ಹುಳಿ ತಿನ್ನದ ಮನೆ ನಮ್ಮ ಸಂಘದಲ್ಲಿ ಇರಲಾರದು. ಆದರೆ ಅದು ಸೌತೆಯೇ ಅಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಎಳೆಯದಾಗಿ ಕೋಸಂಬರಿಗೆ ಹೆಚ್ಚುವ ಸೌತೆಯಲ್ಲಿ 7 ಜೊತೆ ವರ್ಣತಂತುಗಳಿವೆ. ಮಂಗಳೂರು ಸೌತೆಯಲ್ಲಿ ಇರುವುದು 12 ಜೊತೆ. ಕರಬೂಜ ಹಣ್ಣಿನಲ್ಲಿಯೂ 12 ಜೊತೆಯೇ. ಅಂದರೆ ಹೆಸರು ಸೌತೆಯಾದರೂ ಕುಲ ಕರಬೂಜದ್ದು. ಸಸ್ಯಶಾಸ್ತ್ರಜ್ಞರು ಎರಡನ್ನೂ ‘ಕುಕುಮಿಸ್ ಮೆಲೊ’ ಎಂಬ ಒಂದೇ ಜಾತಿಗೆ ಸೇರಿಸುತ್ತಾರೆ. ಹಣ್ಣಾದೊಡನೆ ಬಿರಿದು ಹಿಟ್ಟಾಗುವ ಚಿಬ್ಬಡ (ಹಳೆ ಮೈಸೂರು ಕಡೆಯವರ ಇಬ್ಬುಡ್ಲು), ಉತ್ತರ ಕರ್ನಾಟಕದ ಹೊಲಗಳಲ್ಲಿ ಸಿಗುವ ಪುಟ್ಟ ಮಿಣಿಕೆ, ಕೇರಳದವರು ವಿಷು ಕಣಿಗೆ ಇಡುವ ಕಣಿವೆಳ್ಳರಿ, ಎಲ್ಲವೂ ಇದೇ ಕುಟುಂಬದವು.

ಈ ನಾಟಿ ತಳಿಗಳಿಗೆ ವಿಜ್ಞಾನಿಗಳು ಏಕೆ ಇಷ್ಟು ಬೆಲೆ ಕೊಡುತ್ತಾರೆ? ಒಂದು ಹಳೆಯ ಉದಾಹರಣೆ ನೋಡೋಣ. 1925ರ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಕರಬೂಜದ ತೋಟಗಳಿಗೆ ಬೂದಿ ರೋಗ ಬಡಿಯಿತು. ಅಲ್ಲಿನ ಸಿಹಿ ತಳಿಗಳಲ್ಲಿ ರೋಗ ತಡೆಯುವ ಶಕ್ತಿ ಇರಲಿಲ್ಲ. ಆ ಶಕ್ತಿ ಸಿಕ್ಕಿದ್ದು ಭಾರತದಿಂದ ತರಿಸಿದ ಬೀಜದಲ್ಲಿ. ಅದನ್ನು ಸಿಹಿ ತಳಿಯೊಂದಿಗೆ ಕೂಡಿಸಿ ‘ಪಿ.ಎಂ.ಆರ್. 45’ ಎಂಬ ತಳಿಯನ್ನು 1936ರಲ್ಲಿ ಬಿಡುಗಡೆ ಮಾಡಿದರು. ಕೆಲವೇ ವರ್ಷಗಳಲ್ಲಿ ಆ ತಳಿಯನ್ನೂ ಮಣಿಸುವ ರೋಗದ ಹೊಸ ರೂಪ ಕಾಣಿಸಿಕೊಂಡಿತು. ತಳಿ ತಜ್ಞರು ಮತ್ತೆ ಭಾರತದ ಬೀಜಗಳ ಮೊರೆ ಹೋದರು. ನಂತರದ ವರ್ಷಗಳಲ್ಲಿ ‘ಪಿ.ಐ. 414723’ ಎಂಬ ಸಂಖ್ಯೆಯ ಭಾರತೀಯ ಮಾದರಿ ಪ್ರಪಂಚದಾದ್ಯಂತ ಹೆಸರಾಯಿತು. ಅದು ನಮ್ಮ ಚಿಬ್ಬಡದ ಗುಂಪಿನದು. ಹೇನು, ಹಳದಿ ಮೊಸಾಯಿಕ್ ವೈರಸ್, ಬೂದಿ ರೋಗ ಮೂರಕ್ಕೂ ಅದರಲ್ಲಿ ತಡೆಯುವ ಗುಣವಿದೆ.

ಇದರಿಂದ ಎರಡು ಮಾತು ತಿಳಿಯುತ್ತದೆ. ಬಾಯಿಗೆ ಸಪ್ಪೆಯಾದ ಹಣ್ಣಿನ ಗಿಡದಲ್ಲಿ ಬೇರೆ ಸಂಪತ್ತು ಇರಬಹುದು. ಒಂದೇ ತಳಿಯನ್ನು ನಂಬಿ ಕೂತರೆ ಸಾಲದು, ಹಲವು ಬಗೆ ಉಳಿದಿರಬೇಕು.

ಇನ್ನು ಮೌಲ್ಯಮಾಪನ ನಡೆಯುವ ಬಗೆ. ಮೊದಲು ಬೇರೆ ಬೇರೆ ಊರುಗಳಿಂದ ಬೀಜ ಸಂಗ್ರಹಿಸುತ್ತಾರೆ. ಪ್ರತಿ ಮಾದರಿಗೂ ಒಂದು ಸಂಖ್ಯೆ ಕೊಟ್ಟು, ಊರು, ಸ್ಥಳೀಯ ಹೆಸರು, ಬಿತ್ತುವ ಕಾಲ, ಬಳಕೆ ಎಲ್ಲವನ್ನೂ ದಾಖಲಿಸುತ್ತಾರೆ. ಕಚೇರಿಯಲ್ಲಿ ಆವಕ ಪುಸ್ತಕ ಬರೆದವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ. ವಿವರವಿಲ್ಲದ ಬೀಜ ಸಂಖ್ಯೆಯಿಲ್ಲದ ಕಡತದಂತೆ. ಬಳಿಕ ಎಲ್ಲವನ್ನೂ ಒಂದೇ ಹೊಲದಲ್ಲಿ, ಪ್ರತಿಯೊಂದನ್ನೂ ಎರಡು ಮೂರು ಕಡೆ ಹಂಚಿ ಬಿತ್ತುತ್ತಾರೆ. ಒಂದು ಮೂಲೆಯ ಮಣ್ಣು ಫಲವತ್ತಾಗಿದ್ದರೆ ಅದರ ಲಾಭ ಒಂದೇ ತಳಿಗೆ ಸಿಗಬಾರದು ಎಂಬುದು ಉದ್ದೇಶ. ಒಂದಕ್ಕಿಂತ ಹೆಚ್ಚು ಹಂಗಾಮು ಬೆಳೆದು ನೋಡುತ್ತಾರೆ. ಹೂ ಬಿಡಲು ಎಷ್ಟು ದಿನ, ಬಳ್ಳಿಗೆ ಎಷ್ಟು ಕಾಯಿ, ಕಾಯಿಯ ತೂಕ, ತಿರುಳಿನ ದಪ್ಪ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಿಹಿಯನ್ನು ನಾಲಿಗೆಯಿಂದಲ್ಲ, ರಸದ ಹನಿಯನ್ನು ಉಪಕರಣಕ್ಕೆ ಹಾಕಿ ಅಳೆಯುತ್ತಾರೆ. ಒಳ್ಳೆಯ ಕರಬೂಜದಲ್ಲಿ ಅದು 10ರ ಮೇಲೆ ಇರುತ್ತದೆ; ಚಿಬ್ಬಡದಲ್ಲಿ ಬಹಳ ಕಡಿಮೆ. ಅದಕ್ಕಾಗಿಯೇ ನಮ್ಮ ಹಿರಿಯರು ಬೆಲ್ಲ, ತೆಂಗಿನ ಹಾಲು ಬೆರೆಸಿ ರಸಾಯನ ಮಾಡಿದರು.

ಕಾಯಿ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದು ಇನ್ನೊಂದು ಮುಖ್ಯ ಪರೀಕ್ಷೆ. ತುಳುನಾಡಿನ ಮನೆಗಳಲ್ಲಿ ಮಂಗಳೂರು ಸೌತೆಯನ್ನು ಬಾಳೆ ನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿ ತಿಂಗಳುಗಟ್ಟಲೆ ಬಳಸುತ್ತಿದ್ದರು. ಕರಬೂಜ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ತಳಿಗಳ ಇತರ ಗುಣಗಳ ಜೊತೆಗೆ ಈ ಬಾಳಿಕೆಯನ್ನೂ ಪರಿಶೀಲಿಸಿದ್ದಾರೆ. ಕೇರಳ ಕೃಷಿ ವಿಶ್ವವಿದ್ಯಾಲಯವು ಕಣಿವೆಳ್ಳರಿ ಗುಂಪಿನಲ್ಲಿ ‘ಮುಡಿಕ್ಕೋಡ್’, ‘ಸೌಭಾಗ್ಯ’ ಮುಂತಾದ ತಳಿಗಳನ್ನು ಕೊಟ್ಟಿದೆ.

ಒಳ್ಳೆಯ ಗುಣ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ರೋಗ ತಡೆಯುವ ಚಿಬ್ಬಡವನ್ನು ಸಿಹಿ ಕರಬೂಜದೊಂದಿಗೆ ಕೂಡಿಸಿದರೆ ಮೊದಲ ಪೀಳಿಗೆಯ ಹಣ್ಣು ಅಷ್ಟೇನೂ ರುಚಿಸದು. ರೋಗ ತಗುಲದ ಮರಿಗಳನ್ನು ಮಾತ್ರ ಆರಿಸಿ ಮತ್ತೆ ಮತ್ತೆ ಕರಬೂಜಕ್ಕೇ ಕೂಡಿಸುತ್ತಾ ಹೋಗಬೇಕು. ಐದಾರು ಪೀಳಿಗೆಯಾದರೂ ಹಿಡಿಯುತ್ತದೆ.

ನಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ಉದಕಮಂಡಲದ ಚಳಿ ಮತ್ತು ಇಬ್ಬನಿಗಡ್ಡೆ ಈ ಬಳ್ಳಿಗಳಿಗೆ ಆಗಿಬರದು. ಗೂಡಲೂರಿನಲ್ಲಿ ಬೆಚ್ಚಗಿದ್ದರೂ ಮಳೆ ಜಾಸ್ತಿ, ಎಲೆ ರೋಗದ ಕಾಟ. ಮಸಿನಗುಡಿ ಮಳೆನೆರಳಿನ ಪ್ರದೇಶ. ಅಲ್ಲಿ ನೀರಿನ ಕೊರತೆ, ಜೊತೆಗೆ ಕಾಡುಪ್ರಾಣಿಗಳು. ಮಳೆಗೂ ಬರಕ್ಕೂ ಬಗ್ಗದ ಬೀಜ ಯಾವುದೆಂದು ತಿಳಿಯಲು ಇಷ್ಟು ಹತ್ತಿರದಲ್ಲಿ ಇಷ್ಟು ಭಿನ್ನವಾದ ಹವೆ ಸಿಗುವುದು ಅಪರೂಪ.

ಕರಾವಳಿಯಿಂದ, ಮೈಸೂರು ಚಾಮರಾಜನಗರ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮಲ್ಲಿವೆ. ಅಂತಹ ಮನೆಗಳಲ್ಲಿ ಬೂದಿ ಹಚ್ಚಿ ಡಬ್ಬಿಯಲ್ಲಿಟ್ಟ ಬೀಜ ಇನ್ನೂ ಇರಬಹುದು. ಬೀಜ ಕಾಪಾಡಿದವರು ಹೆಚ್ಚಾಗಿ ಹೆಂಗಸರು; ಅವರ ನಂತರ ಆ ಡಬ್ಬಿ ಏನೆಂದು ಕೇಳುವವರಿಲ್ಲ. ಅಂಗಡಿಯ ಹೈಬ್ರಿಡ್ ಬೀಜ ಪ್ರತಿ ವರ್ಷ ಕೊಳ್ಳಬಹುದು. ಡಬ್ಬಿಯ ಬೀಜ ಮೊಳಕೆಯ ಶಕ್ತಿ ಕಳೆದುಕೊಂಡರೆ ಎಲ್ಲಿಯೂ ಕೊಳ್ಳಲು ಬಾರದು.

ಆದ್ದರಿಂದ ಸದಸ್ಯರಲ್ಲಿ ಕೆಲವು ವಿನಂತಿಗಳು:

1. ಮನೆಯಲ್ಲಿ ಹಳೆಯ ಬೀಜವಿದ್ದರೆ ಅರ್ಧ ಮಾತ್ರ ಬಿತ್ತಿ, ಅರ್ಧ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

2. ಪಕ್ಕದಲ್ಲಿ ಕರಬೂಜ ಇದ್ದರೆ ಜೇನುನೊಣ ಪರಾಗ ಬೆರೆಸಿ ಮುಂದಿನ ಬೀಜ ಕಲಬೆರಕೆಯಾಗುತ್ತದೆ. ಬೀಜಕ್ಕಾಗಿ ಬಿಡುವ ಹೂವನ್ನು ಅರಳುವ ಹಿಂದಿನ ಸಂಜೆಯೇ ಚೀಲ ಕಟ್ಟಿ ಮುಚ್ಚಿ. ಅದೇ ತಳಿಯ ಗಂಡು ಹೂವಿಗೂ ಹಾಗೆಯೇ ಮಾಡಿ. ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ಮುಚ್ಚಿ, ದಾರ ಕಟ್ಟಿ ಗುರುತಿಡಿ. ಎಳೆ ಸೌತೆ, ಕಲ್ಲಂಗಡಿ ಪಕ್ಕದಲ್ಲಿದ್ದರೆ ಹೆದರಬೇಕಿಲ್ಲ; ಅವು ಇದರೊಂದಿಗೆ ಕೂಡುವುದಿಲ್ಲ.

3. ಬೀಜದ ಜೊತೆ ಒಂದು ಚೀಟಿ ಇಡಿ: ಮನೆಯಲ್ಲಿ ಕರೆಯುವ ಹೆಸರು, ಮೂಲ ಊರು, ಬಿತ್ತುವ ತಿಂಗಳು, ಕಾಯಿಯ ಬಣ್ಣ, ಅಡುಗೆ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಬಹುದು. ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಪ್ರಾದೇಶಿಕ ಕೇಂದ್ರ ತ್ರಿಶೂರಿನಲ್ಲಿದೆ, ನಮಗೆ ದೂರವೇನಲ್ಲ. ಮುಂದಿನ ಮಾಸಿಕ ಸಭೆಗೆ ಬರುವಾಗ ಬೀಜ, ಚೀಟಿ ಎರಡನ್ನೂ ತನ್ನಿ. ಪಟ್ಟಿ ಬರೆಯುವ ಕೆಲಸ ನನಗಿರಲಿ. ಬೀಜ ಸಿಗದವರು ಮನೆಯ ಹಿರಿಯರನ್ನು ಕೇಳಿ ಹೆಸರನ್ನಾದರೂ ಬರೆದು ತನ್ನಿ.


ಕಾರ್ಯದರ್ಶಿ